ಬಾಗಿಲಲ್ಲಿ ಹೇಳದ ಹೆಸರು

ಯಮಕನಮರಡಿ,
ತಾ. ೧೪ ಮಾರ್ಚ್ ೧೯೩೬

ಚಿ. ಯಮನವ್ವಳಿಗೆ ಅಕ್ಕ ಕಾಶೆವ್ವನ ಆಶೀರ್ವಾದ.

ನನ್ನನ್ನು ಹೀಗೆ ಬರೆಯಲು ಕೂಡಿಸಿ ನಿನಗೇನು ಭಾಗ್ಯ ಬಂತು? ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ರೊಟ್ಟಿ ಬಡಿಯುವ ಕೈ ಇದು, ಟಾಕು ಹಿಡಿದರೆ ಕಟ್ಟಿಗೆಯಾಗುತ್ತದೆ. ಹೋದ ಸಲ ನಮ್ಮ ಅಂಗಡಿಯ ಗುಮಾಸ್ತ ಕಲ್ಲಪ್ಪನ ಕಡೆಯಿಂದ ಚೆಂದಾಗಿ ಬರೆಸಿ ಕಳಿಸಿದ್ದೆ. ನೀನು ಅದನ್ನು ಒಡೆದು ನೋಡಿ, ‘ಇದು ಅಕ್ಕನ ಕೈ ಅಲ್ಲ, ಅಕ್ಕ ಬರೆದರಷ್ಟೇ ಉತ್ತರ’ ಎಂದು ಬೆನ್ನಿಗೆ ಗೀಚಿ ಹಿಂದಕ್ಕೆ ಕಳಿಸಿದಿ. ಕಲ್ಲಪ್ಪ ಅದನ್ನು ಗಟ್ಟಿಯಾಗಿ ಓದಿ ಇಡೀ ಅಂಗಡಿಯನ್ನು ನಗಿಸಿದ. ನಿನ್ನ ಹಠಕ್ಕಿಷ್ಟು ಬೆಂಕಿ ಬೀಳಲಿ. ಇಗೋ, ಬರೆಯುತ್ತಿದ್ದೇನೆ. ತಪ್ಪು ಹುಡುಕಿದರೆ ನೋಡು.

ಪತ್ರದಲ್ಲಿ ಮೊದಲು ಕ್ಷೇಮ ಸಮಾಚಾರ ಬರೆಯುವ ಪದ್ಧತಿ ಇದೆ. ನಾನು ಬರೆಯುವುದಿಲ್ಲ. ಬೆಲ್ಲದ ಗಾಡಿ ಹೊಡೆಯುವ ದುಂಡಪ್ಪ ಗೋಕಾಕದಿಂದ ಬಂದು ನಿನ್ನ ಕ್ಷೇಮವನ್ನು ಹೇಳಿದ್ದಾನೆ.

“ಅಕ್ಕಾರ, ನಿಮ್ಮ ತಂಗಿ ಕೆಮ್ಮಿದ್ರ ನನ್ನ ಎತ್ತು ಬೆದರತಾವ್ರಿ” ಅಂದ.

“ಚ್ಯಾಷ್ಟಿ ಮಾಡಬ್ಯಾಡ ಮೂಳಾ.”

“ಚ್ಯಾಷ್ಟಿ ಅಲ್ರಿ, ಖರೇನ ಹೇಳಾಕತ್ತೇನಿ. ಮೂಗಿನಾಗ ಅರಳಿ, ಕೂದಲಾಗ ಅರಳಿ. ಮಾತಾಡಾಕ ಹೋಗಿ ಗ್ವಾಡಿ ಹಿಡಕೊಂಡು ನಿಂತ್ರು. ಆದ್ರ ಸಂಜೀಕ ಹೆಂಗಸರನ್ನ ಕೂಡಿಸಿ ಸಾಲಿ ಕಲಿಸೂದು ಬಿಟ್ಟಿಲ್ಲ ಮತ್ತ.”

ಹದಿನೆಂಟು ವರ್ಷ ಆ ಜಿನ್ನಿನ ಗಿರಣಿಯಲ್ಲಿ ಹತ್ತಿಯಿಂದ ಕಾಳು ಬಿಡಿಸಿದಿ. ಮಂದಿಯ ಮೈಮೇಲೆ ಅರಿವೆಯಾಗುವ ಅರಳೆ ನಿನ್ನ ಎದೆಯಲ್ಲಿ ಹೋಗಿ ಕೂತಿದೆ. ಗಂಡ ಮತ್ತು ಮಗ ಒಂದೇ ವಾರದಲ್ಲಿ ಆ ದೊಡ್ಡ ಜ್ವರಕ್ಕೆ ಹೋದಾಗ, ಬಾ ನನ್ನ ಮನೆಗೆ ಅಂದಿದ್ದೆ. “ಮಂದಿ ಮನ್ಯಾಗ ರೊಟ್ಟಿ ತಟ್ಟೂದಕ್ಕಿಂತ ಗಿರಣ್ಯಾಗ ಹತ್ತಿ ಹಾಕೂದು ಪಾಡ” ಅಂದಿ. ಅಕ್ಕನ ಮನೆ ಮಂದಿಯ ಮನೆ ಆಗಿತ್ತು ನಿನಗೆ.

ಯುಗಾದಿಗೆ ಬಾ. ನೀನು ಈ ಮನೆಗೆ ಬರಬಾರದೆಂದು ಇವರು ಹಾಕಿದ ಆಣೆಯನ್ನು ನಾನು ನೋಡಿಕೊಳ್ಳುತ್ತೇನೆ. ಆರು ವರ್ಷವಾಯಿತು, ಸಾಕು. ಒಳ್ಳೆಯ ಎಮ್ಮೆ ಇದೆ, ಹಾಲು ಕುಡಿದರೆ ಕೆಮ್ಮು ಹೋಗುತ್ತದೆ.

ನಿನ್ನ ಅಕ್ಕ,
ಕಾಶೆವ್ವ

*

ಗೋಕಾಕ,
ತಾ. ೨ ಏಪ್ರಿಲ್ ೧೯೩೬

ನನ್ನ ಕಾಶಕ್ಕನಿಗೆ ಯಮನಿಯ ಶರಣು.

ನಿನ್ನ ಕೈಬರಹ ನೋಡಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಅಕ್ಷರಗಳೆಲ್ಲ ನಿನ್ನ ಹಾಗೆಯೇ ಇವೆ. ಒಂದೂ ಇನ್ನೊಂದಕ್ಕೆ ಜಾಗ ಬಿಡುವುದಿಲ್ಲ.

ತುಕ್ಕಾನಟ್ಟಿಯ ತವರುಮನೆಯಲ್ಲಿ ಬೀಸುಕಲ್ಲಿನ ಸುತ್ತ ಬಿದ್ದ ಹಿಟ್ಟಿನಲ್ಲಿ ನೀನು ನನ್ನ ಬೆರಳು ಹಿಡಿದು ಅ ಆ ತಿದ್ದಿಸಿದ್ದು ನೆನಪಿದೆಯೇ? ಸಾಲಿಯ ಬಾಗಿಲನ್ನೇ ನೋಡದ ನನಗೆ ನೀನೇ ಸಾಲಿ. ಹಿಟ್ಟು ದಂಡ ಮಾಡುತ್ತೀರೆಂದು ಅವ್ವ ಇಬ್ಬರಿಗೂ ಸೌಟಿನಲ್ಲಿ ಕೊಟ್ಟಿದ್ದಳು. ಹಾಗೆ ಕಲಿಸಿದವಳು ಈಗ ಗುಮಾಸ್ತನ ಕಡೆಯಿಂದ ಬರೆಸಿದರೆ ನಾನು ಹೇಗೆ ಓದಲಿ?

ಯುಗಾದಿ ಮುಗಿದುಹೋಯಿತು, ಮುಂದೆಯೂ ನಾನು ಬರಲಾರೆ ಅಕ್ಕಾ. ಜೇಲಿನಿಂದ ಬಿಟ್ಟ ದಿನ ಸೀದಾ ನಿನ್ನ ಮನೆಗೆ ಬಂದಿದ್ದೆ. ಭಾವನವರು ಹೊಸ್ತಿಲಲ್ಲಿ ನಿಂತು ಅಂದದ್ದು ನೀನೂ ಕೇಳಿದ್ದೀ: “ಜೇಲಿನ ಅನ್ನ ಉಂಡಾಕಿ, ಸಾವಂತ್ರೆವ್ವನ ಓಣ್ಯಾಗ ನೀರ ಕುಡದಾಕಿ, ನನ್ನ ಮನಿ ಹೊಸ್ತಲಾ ತುಳಿಯಾಂಗಿಲ್ಲ.” ಸಾವಂತ್ರೆವ್ವ ನನ್ನ ಜೊತೆ ಗಿರಣಿಯ ಗಾಡಿಗಳ ಮುಂದೆ ಮಲಗಿದವಳು. ಅವಳ ಮನೆಯ ನೀರು ಕುಡಿದೆ, ಈಗಲೂ ಕುಡಿಯುತ್ತೇನೆ. ಕುಡಿದದ್ದು ತಪ್ಪಾಯಿತೆಂದು ಹೇಳಿ ನಿನ್ನ ಎಮ್ಮೆಯ ಹಾಲು ಕುಡಿಯಲಾರೆ.

ಆದರೆ ನಾವಿಬ್ಬರೂ ಕೂಡುವ ಜಾಗ ಒಂದಿದೆ. ಸರಿಯಾಗಿ ಓದು. ಬರುವ ವರ್ಷದ ಮೊದಲಿಗೆ ಓಟು ನಡೆಯುತ್ತದೆ. ಹಿಂದೆ ಹೊಲಮನೆ ಇದ್ದವರಿಗಷ್ಟೇ ಇತ್ತು. ಈಗ ಓದು ಬರಹ ಬಲ್ಲ ಹೆಂಗಸರು ಅರ್ಜಿ ಕೊಟ್ಟರೆ ಯಾದಿಯಲ್ಲಿ ಹೆಸರು ಹಾಕಬೇಕೆಂದು ಕಾಯಿದೆ ಬಂದಿದೆ. ನನ್ನ ಹೆಸರು ಗೋಕಾಕದ ಯಾದಿಯಲ್ಲಿ ಸೇರಿತು. ನೀನು ಹುಕ್ಕೇರಿಯ ಕಚೇರಿಗೆ ನಿನ್ನ ಕೈಯಾರೆ ಬರೆದು ಅರ್ಜಿ ಕಳಿಸು. ಸೆಪ್ಟೆಂಬರ್ ಮುಗಿಯುವವರೆಗೆ ವೇಳೆ ಇದೆ. ನಾನು ಇಲ್ಲಿ ಓಟು ಹಾಕಿದ ಕೂಡಲೇ ಮೋಟಾರು ಹತ್ತಿ ಅಲ್ಲಿಗೆ ಬರುತ್ತೇನೆ. ಓಟು ಹಾಕುವ ಜಾಗದ ಬಾಗಿಲು ಭಾವನವರದಲ್ಲ, ಸರಕಾರದ್ದು. ಅಲ್ಲಿಯವರೆಗೆ ನಿನ್ನ ಕೈ ಹಿಡಿದುಕೊಂಡೇ ಬರುತ್ತೇನೆ, ಯಾರು ತಡೆಯುತ್ತಾರೆ ನೋಡೋಣ.

ಕೆಮ್ಮಿನ ಚಿಂತೆ ಬೇಡ. ಮಳೆಗಾಲಕ್ಕೆ ಜಿನ್ನು ನಿಲ್ಲುತ್ತದೆ, ಎದೆಯೂ ಹಗುರಾಗುತ್ತದೆ.

ನಿನ್ನ ತಂಗಿ,
ಯಮನವ್ವ

*

ಯಮಕನಮರಡಿ,
ತಾ. ೩೦ ಏಪ್ರಿಲ್ ೧೯೩೬

ಯಮನಿ,

ನಿನ್ನ ಕಾಯಿದೆಯನ್ನು ಕಲ್ಲಪ್ಪನಿಗೆ ಕೇಳಿದೆ. ಖರೆ ಅಂದ. ಅರ್ಜಿಯಲ್ಲಿ ಏನೇನು ಬರೆಯಬೇಕು ಎಂದು ಕೇಳಿದೆ. ಹೆಸರು, ಊರು, ವಯಸ್ಸು, ಗಂಡನ ಹೆಸರು ಅಂದ. ಅಲ್ಲಿಗೆ ಎದ್ದು ಬಂದೆ.

ನಲವತ್ತಾರು ವರ್ಷದ ಸಂಸಾರದಲ್ಲಿ ನಾನು ಇವರ ಹೆಸರನ್ನು ತುಟಿಗೆ ತಂದವಳಲ್ಲ. ಅದೇ ಹೆಸರಿನ ಇನ್ನೊಬ್ಬ ಎಮ್ಮೆಯ ಹಾಲು ಹಿಂಡಲು ಬರುತ್ತಾನೆ, ಅವನನ್ನು ‘ಹಾಲಿನಾಂವ’ ಅನ್ನುತ್ತೇನೆ. ಹೆಸರು ಎತ್ತಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವ್ವ ಹೇಳಿದ್ದು ನಿನಗೂ ಗೊತ್ತು. ನೀನು ಗಂಡ ಸತ್ತ ಮೇಲೆ ಅವನ ಹೆಸರನ್ನು ಪೊಲೀಸರಿಗೆ ಹೇಳಿದಿ, ಕೋರ್ಟಿನಲ್ಲಿ ಹೇಳಿದಿ. ಹೋದವನ ಆಯುಷ್ಯಕ್ಕೆ ಏನು ಕಡಿಮೆ. ನನ್ನವರು ಇದ್ದಾರಲ್ಲ.

ಮದುವೆಯ ದಿನ ಏನಾಯಿತೆಂದು ಮರೆತೆಯಾ? ಇದೇ ಮನೆಯ ಬಾಗಿಲಲ್ಲಿ ನಾದಿನಿಯರು ಅಡ್ಡ ಕೈ ಹಚ್ಚಿ ನಿಂತಿದ್ದರು. “ಒಡಪು ಕಟ್ಟಿ ಗಂಡನ ಹೆಸರ ಹೇಳು, ಅಂದ್ರ ಒಳಗ ಬಿಡ್ತೇವಿ” ಅಂತ. ಒಂಬತ್ತು ವರ್ಷದವಳು ನಾನು, ತುಟಿ ಬಿಚ್ಚಲಿಲ್ಲ. ಅಕ್ಕಿ ತುಂಬಿದ ಸೇರಿನ ಮುಂದೆ ನಿಂತು ನಿಂತು ಕಾಲು ನೊಂದವು. ನೀನು ನಾಲ್ಕು ವರ್ಷದವಳು, ಸೋದರತ್ತೆಯ ಬಗಲಲ್ಲಿದ್ದಿ. ಒಮ್ಮೆಲೇ ಇಡೀ ಓಣಿಗೆ ಕೇಳುವಂತೆ ಆ ಹೆಸರನ್ನು ಕೂಗಿದಿ. ಒಂದು ಸಲ ಅಲ್ಲ, ಬಾಯಿ ಮುಚ್ಚುವವರೆಗೆ ಕೂಗಿದಿ. ಎಲ್ಲರೂ ನಕ್ಕು ಬಾಗಿಲು ಬಿಟ್ಟರು. ನಾನು ಈ ಮನೆಯೊಳಗೆ ಬಂದದ್ದು ನಿನ್ನ ಬಾಯಿಂದ. ಈಗ ಅದೇ ಬಾಗಿಲಲ್ಲಿ ನಿನಗೆ ದಾರಿ ಇಲ್ಲ. ಇದನ್ನು ಇವರಿಗೆ ಹೇಳಿದೆ. “ಹಳೇ ಮಾತ ಬಿಡು” ಅಂದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಬಾಯಲ್ಲಿ ಬಸವಣ್ಣ. ಸಾವಂತ್ರೆವ್ವನ ನೀರು ಮಾತ್ರ ನಡೆಯುವುದಿಲ್ಲ.

ನಿನ್ನದೂ ಕಡಿಮೆ ಇಲ್ಲ. ಗಿರಣಿಯಲ್ಲಿ ಕೂಸು ಮಲಗಿಸಲು ನೆರಳು ಕೊಡಿ, ಕುಡಿಯಲು ನೀರು ಕೊಡಿ ಎಂದು ಕೇಳಲು ನಿನಗೊಬ್ಬಳಿಗೇ ಬಾಯಿ ಇತ್ತೇ? ಮುಕಾದಮನ ಕಾಲು ಹಿಡಿಯದೆ ಸಂಪು ಹೂಡಿದಿ. ಗಿರಣಿ ಬಿಟ್ಟು ಎಲ್ಲರನ್ನೂ ಹೊರಗೆ ಕೂಡಿಸಿದಿ, ಹತ್ತಿಯ ಗಾಡಿಗಳ ಮುಂದೆ ಮಲಗಿದಿ. ಬಂದದ್ದು ಏನು? ಮಂದಿಗೆ ನೀರಿನ ಹಂಡೆ, ನಿನಗೆ ಜೇಲು. ಬೆಳಗಾವಿಯಲ್ಲಿ ಮೋಟಾರಿನಲ್ಲಿ ಓಡಾಡುವ ಆ ಶ್ರೀಮಂತ ಹೆಂಗಸರ ಸಭೆಗೆ ಹೋಗಿ, “ಟ್ರಂಕಿನಾಗ ಬಂಗಾರ ಇದ್ದಾಕಿಗೆ ಓಟು, ಆ ಟ್ರಂಕು ಹೊತ್ತಾಕಿಗೆ ಇಲ್ಲೇನ್ರಿ?” ಎಂದು ಕೇಳಿದಿ. ಚಪ್ಪಾಳೆ ತಟ್ಟಿದರು. ಊಟಕ್ಕೆ ಹಿಂದಿನ ಪಂಕ್ತಿಯಲ್ಲಿ ಕೂಡಿಸಿದರು. ಇದನ್ನು ನೀನೇ ನಗುತ್ತ ಬರೆದಿದ್ದಿ. ನನಗೆ ನಗು ಬಂದಿರಲಿಲ್ಲ.

ಅರ್ಜಿ ಗಿರ್ಜಿ ಆಗುವುದಿಲ್ಲ. ನೀನೇ ಬಾ.

ಅಕ್ಕ,
ಕಾಶೆವ್ವ

*

ಗೋಕಾಕ,
ತಾ. ೧೨ ಜೂನ್ ೧೯೩೬

ಪ್ರೀತಿಯ ಅಕ್ಕಾ,

ನೀನು ಅರ್ಜಿ ಆಗುವುದಿಲ್ಲ ಎಂದು ಒಂದೇ ಸಾಲು ಬರೆದು ಬಿಡಬಹುದಿತ್ತು, ಎರಡು ಹಾಳೆ ಬರೆದಿ. ಕೈ ಸಡಿಲಾಗಿದೆ. ನನಗೆ ಬೇಕಾದದ್ದು ಅದೇ.

ಇಲ್ಲಿ ಒಂದು ಫಜೀತಿ ಆಯಿತು, ಕೇಳು. ಚಳಿಗಾಲವೆಲ್ಲ ಕೂತು ನಮ್ಮ ಹೆಂಗಸರಿಗೆ ತಮ್ಮ ಹೆಸರು, ತಮ್ಮ ಊರು ಬರೆಯಲು ಕಲಿಸಿದ್ದೆ. ಕಾಗದ ಕೊಟ್ಟರೆ ನಾಲ್ಕು ಸಾಲು ಓದುತ್ತಾರೆ. ಹಿಗ್ಗಿನಿಂದ ಎಲ್ಲರನ್ನೂ ಕಚೇರಿಗೆ ಕರೆದುಕೊಂಡು ಹೋದೆ. ಕಾರಕೂನ ಒಳ್ಳೆಯವನೇ. ಬರೆಯಿಸಿ ನೋಡಿದ, ಓದಿಸಿ ನೋಡಿದ, ತಲೆ ಅಲ್ಲಾಡಿಸಿದ. ಆಮೇಲೆ ಕೇಳಿದ, “ಗಂಡನ ಹೆಸರೇನವಾ?”

ಎಲ್ಲರ ಸೆರಗೂ ಬಾಯಿಗೆ ಹೋಯಿತು. ನಿನ್ನ ಪತ್ರ ಓದಿಯೂ, ಇವರಿಗೂ ಅದೇ ತೊಡಕು ಬರುತ್ತದೆಂದು ಅಲ್ಲಿಯವರೆಗೆ ನನ್ನ ತಲೆಗೇ ಹೊಳೆದಿರಲಿಲ್ಲ ನೋಡು. ಎಲ್ಲ ಕಲಿಸಿದ್ದೆ, ಗಂಡಂದಿರ ಹೆಸರು ಬರೆಯಲು ಒಬ್ಬಳೂ ಕೇಳಿರಲಿಲ್ಲ, ನಾನೂ ಕಲಿಸಿರಲಿಲ್ಲ.

“ಹೆಸರ ಇಲ್ಲದ ಗಂಡನ್ನ ಮಾಡಿಕೊಂಡೀರೇನು?” ಕಾರಕೂನನಿಗೆ ಸಿಟ್ಟು ಬಂತು. “ಆ ಖಾನೆ ಖಾಲಿ ಬಿಟ್ರ ಅರ್ಜಿ ನಡ್ಯಾಂಗಿಲ್ಲ. ನಡೀರಿ ಮನೀಗೆ.”

ಆಗ ನಿನ್ನ ಮದುವೆಯ ಬಾಗಿಲು ನೆನಪಾಯಿತು. “ಒಡಪು ಕಟ್ಟಿ ಹೇಳ್ರೆ. ಒಡಪಿನಾಗ ಹೇಳಿದ್ರ ದೋಷ ಇಲ್ಲಲ್ಲ” ಅಂದೆ. ಮೊದಲು ಸಾವಂತ್ರೆವ್ವ ಮುಂದೆ ಬಂದಳು. ಗಂಟಲು ಸರಿ ಮಾಡಿಕೊಂಡು,

“ಗೋಕಾವಿ ಕರದಂಟು ಸಿಹಿಯಂದ್ರ ಸಿಹಿ,
ಗುಡ್ಡಪ್ಪನ ಹೆಂಡತಿ ನಾನು, ಮಾಡೇನಿ ಸಹಿ”

ಅಂದಳು. ಕಾರಕೂನನ ಟಾಕು ಗಾಳಿಯಲ್ಲೇ ನಿಂತಿತು. ಕಟ್ಟೆಯ ಮೇಲಿದ್ದ ಜವಾನ, ಪಟ್ಟೇವಾಲಾ, ಒಳಗೆ ಬಂದು ನಿಂತ. ಅವಳ ಹಿಂದೆ ಲಕ್ಕವ್ವ. ಅವಳ ಗಂಡನ ಚೆಂದ ಇಡೀ ಪೇಟೆಗೆ ಗೊತ್ತು.

“ಹೀರಿಬಳ್ಳಿ ಹಬ್ಬೈತಿ ಹಂದರದ ಮ್ಯಾಲ,
ಶೆಟ್ಟೆಪ್ಪ ಕುಡದು ಬಿದ್ದಾನ ಕಟ್ಟಿಯ ಮ್ಯಾಲ!”

“ಇದೂ ಒಡಪ ಏನವಾ?” ಅಂತ ಕಾರಕೂನ.

“ಒಡಪು ಅರ್ಧಾ ರಿ ಸಾಹೇಬ್ರ, ಉಳಿದದ್ದು ಖರೇ ಮಾತು. ಬೇಕಾದ್ರ ಹೋಗಿ ನೋಡಿ ಬರ್ರಿ.”

ಕಚೇರಿಗೆ ಕಚೇರಿಯೇ ನಕ್ಕಿತು ಅಕ್ಕಾ. ಆ ಹೊತ್ತು ಎಲ್ಲರ ಹೆಸರೂ ಯಾದಿಗೆ ಹೋಯಿತು. ಪಟ್ಟೇವಾಲಾ, “ಮುಗೀತೇನ್ರಿ, ಇನ್ನೊಬ್ಬಾಕೀನ ಕರಕೊಂಡ ಬರ್ರಿ” ಅಂದ.

ನಾನೂ ನಕ್ಕೆ. ನಗು ಕೆಮ್ಮಾಯಿತು. ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕೂತೆ.

(ಇಲ್ಲಿಂದ ಮುಂದೆ ಬರೆಯುವವಳು ಸಾವಂತ್ರೆವ್ವ. ಯಮನಕ್ಕ ಹೇಳುತ್ತಾಳೆ, ನಾನು ಬರೆಯುತ್ತೇನೆ. ಸಿಟ್ಟಾಗಬ್ಯಾಡ್ರಿ.)

ನಿನಗೂ ಒಂದು ಒಡಪು ಬರುತ್ತದೆ ಅಕ್ಕಾ. ನಾಲ್ಕು ವರ್ಷದವಳು ನಿನ್ನ ಬದಲು ಕೂಗಿದೆ. ಈ ಸಲ ನೀನೇ ಹೇಳಬೇಕು. ನಾನು ಓಟಿನ ದಿನಕ್ಕೆಂದು ಇಳಕಲ್ಲಿನ ಸೀರೆಯನ್ನು ಮಡಿ ಮಾಡಿ ಇಟ್ಟಿದ್ದೇನೆ, ನೀನು ಕೊಟ್ಟದ್ದು.

ನಿನ್ನ,
ಯಮನವ್ವ

*

ಯಮಕನಮರಡಿ,
ತಾ. ೨೦ ಜುಲೈ ೧೯೩೬

ಯಮನಿ,

ಇನ್ನೊಬ್ಬರ ಕೈಲಿ ಬರೆಸಬಾರದೆಂದು ನನಗೆ ಕಾಯಿದೆ ಮಾಡಿದವಳು ನೀನು. ಅರ್ಧ ಪತ್ರ ಬೇರೆಯವರ ಕೈಯಲ್ಲಿ ಬಂದಿದೆ. ನಾನೂ ಹಿಂದಕ್ಕೆ ಕಳಿಸಬೇಕಿತ್ತು. ಕಳಿಸಲಿಲ್ಲ. ಏನು ಮುಚ್ಚಿಡುತ್ತೀ? ಬೇವಿನ ಗಿಡದ ಬುಡದಲ್ಲಿ ಕೂತವಳು ಹೇಗೆ ಎದ್ದಿ, ಯಾರು ಎಬ್ಬಿಸಿದರು, ಅದನ್ನು ಬರೆದಿಲ್ಲ.

ಲಕ್ಕವ್ವನ ಒಡಪು ಓದಿ ನಕ್ಕೆ. ನಕ್ಕದ್ದು ಇವರಿಗೆ ಕೇಳಿತು. ಏನೆಂದು ಕೇಳಿದರೆ ಪತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಅರ್ಜಿಗೆ ಕೂತಿದ್ದೆ. ಸುಳ್ಳಲ್ಲ. ಕಲ್ಲಪ್ಪನಿಂದ ಒಳ್ಳೆಯ ಹಾಳೆ ತಂದುಕೊಂಡೆ. ನನ್ನ ಹೆಸರು ಬರೆದೆ, ಊರು ಬರೆದೆ. ವಯಸ್ಸು ಐವತ್ತೈದು ಎಂದು ಬರೆದೆ. ಅಷ್ಟರಲ್ಲಿ ಒಳಗಿನಿಂದ ಇವರು ನರಳಿದರು. ಚಳಿಜ್ವರ. ಹಲ್ಲು ಕಡಿಯುವುದು ಅಂಗಳಕ್ಕೆ ಕೇಳುತ್ತಿತ್ತು. ಕೌದಿಯ ಮೇಲೆ ಕೌದಿ ಹಾಕಿದೆ, ನಿಲ್ಲಲಿಲ್ಲ. ಹುಕ್ಕೇರಿಯಿಂದ ಡಾಕ್ಟರು ಬಂದು ಕ್ವಿನೈನು ಕೊಟ್ಟು, ಎದೆ ಸೋತಿದೆ, ಜೋಕೆ ಅಂದಿದ್ದಾರೆ. ಇಂಥ ಹೊತ್ತಿನಲ್ಲಿ ಆ ಹೆಸರು ಬರೆಯುವುದಿಲ್ಲ. ಒಡಪಿನಲ್ಲೂ ಬರೆಯುವುದಿಲ್ಲ. ನೀನು ನಗು, ನಿನ್ನ ಸಾವಂತ್ರೆವ್ವ ನಗಲಿ. ಹಾಳೆಯನ್ನು ಮಡಚಿ ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇವರು ಎದ್ದು ಕೂತ ಮೇಲೆ ನೋಡೋಣ. ಸೆಪ್ಟೆಂಬರ್ ದೂರ ಇದೆ.

ಜ್ವರದಲ್ಲಿ ಮೆತ್ತಗಿದ್ದಾರೆಂದು ನಿನ್ನ ಮಾತು ತೆಗೆದೆ.

“ಯಮನಿಗೆ ಭಾಳ ಆಗೈತಂತ. ಕರಸ್ತೇನಿ.”

ಕೌದಿ ಎಳೆದುಕೊಂಡು, “ಹಿತ್ತಲದಾಗ ದನದ ಕೊಟಗಿ ಬಾಜೂಕ ಖೋಲಿ ಐತಿ. ಅಲ್ಲಿ ಇರಾಕ ಹೇಳು” ಅಂದರು.

ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ನೆಲಕ್ಕೆ ಕುಕ್ಕಿದೆ. “ಆಕಿ ನಿಮ್ಮ ಹೆಸರ ಹೇಳಿ ನನ್ನ ಈ ಮನ್ಯಾಗ ತಂದಾಕಿ. ಆಕೀಗೆ ಕೊಟಗಿ ತೋರಸ್ತೀರಿ?” ಅಂದೆ. ಗೋಡೆಯ ಕಡೆ ಹೊರಳಿದರು. ಈ ಮಾತನ್ನು ನಿನಗೆ ಬರೆಯಬಾರದಿತ್ತು. ಬರೆದಾಯಿತು.

ದುಂಡಪ್ಪನ ಕೈಲಿ ಪಂಚಮಿಯ ಉಂಡಿ ಕಳಿಸಿದ್ದೇನೆ. ಶೇಂಗಾದ್ದು, ಎಳ್ಳಿನದು, ಎರಡೂ ಇವೆ. ಹಲ್ಲಿಗೆ ಗಟ್ಟಿ ಆದರೆ ಹಾಲಿನಲ್ಲಿ ನೆನೆಸಿ ತಿನ್ನು. ಎಲ್ಲ ಹಂಚಿ ಖಾಲಿ ಮಾಡಬೇಡ, ನಿನ್ನ ಗುಣ ಗೊತ್ತು. ತುಕ್ಕಾನಟ್ಟಿಯ ಹುಣಸೆ ಮರಕ್ಕೆ ಜೋಕಾಲಿ ಕಟ್ಟಿದಾಗ ನಿನ್ನನ್ನು ಜೀಕುವವಳು ನಾನೇ ಆಗಬೇಕಿತ್ತು. ಬೇರೆಯವರು ಹಗ್ಗ ಮುಟ್ಟಿದರೆ ಅಳುತ್ತಿದ್ದಿ. ಇವರ ಜ್ವರ ಇಳಿಯಲಿ, ನಾನೇ ಗೋಕಾಕಕ್ಕೆ ಬರುತ್ತೇನೆ. ಯಾರನ್ನೂ ಕೇಳುವುದಿಲ್ಲ.

ಈ ಸಲ ಪೂರಾ ನಿನ್ನ ಕೈಯಲ್ಲೇ ಬರೆ.

ಅಕ್ಕ,
ಕಾಶೆವ್ವ

*

ಗೋಕಾಕ,
ತಾ. ೬ ಆಗಸ್ಟ್ ೧೯೩೬

ಕಾಶೆವ್ವಕ್ಕನವರಿಗೆ ಸಾವಂತ್ರೆವ್ವ ಮಾಡುವ ನಮಸ್ಕಾರ.

ಅಕ್ಕಾರ, ಕೂತುಕೊಂಡು ಓದಿರಿ. ಸೋಮವಾರ ಮುಂಜಾನೆ ಯಮನಕ್ಕ ಲಿಂಗದಲ್ಲಿ ಸೇರಿದಳು.

ಮುಂಚೆಯೇ ಬರೆಯುತ್ತೇನೆ ಎಂದು ನಾನು ಹಟ ಮಾಡಿದೆ. ಬೇಡ ಎಂದು ಕೈಯಿಂದ ಟಾಕು ಕಸಿದಳು. “ಅಲ್ಲಿ ಅಕ್ಕನ ಗಂಡಗ ಜ್ವರ. ಎರಡೂ ಕಡೆ ಓಡಾಕ ಅಕ್ಕಗ ಎಷ್ಟ ಕಾಲ ಅದಾವ?” ಅಂದಳು. ಕಚೇರಿಯ ಬೇವಿನ ಗಿಡದ ಬುಡದಲ್ಲಿ ಕೂತವಳು ತಾನಾಗಿ ಏಳಲಿಲ್ಲ ಅಕ್ಕಾರ. ನಾನು, ಲಕ್ಕವ್ವ ಹೊತ್ತು ತಂದೆವು. ಸೆರಗಿನಲ್ಲಿ ರಕ್ತ ಇತ್ತು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಳು.

ನಿಮ್ಮ ಉಂಡಿ ಮುಟ್ಟಿದವು. ಎಳ್ಳಿನದನ್ನು ಒಂದು ಚೂರು ನಾಲಿಗೆಯ ಮೇಲೆ ಇಟ್ಟುಕೊಂಡಳು. ಉಳಿದದ್ದನ್ನು ಹಂಚಲು ಹೇಳಿದಳು. ನೀವು ಬೇಡ ಅಂದದ್ದನ್ನು ಓದಿ ತೋರಿಸಿದೆ. “ಅಕ್ಕ ಹಂಗ ಅಂತಾಳ, ನೀ ಹಂಚು” ಅಂದಳು.

ನಿಮಗೊಂದು ಮಾತು ಹೇಳಬೇಕು, ಬೈಯಬೇಡಿರಿ. ಸಂಜೆಯ ಸಾಲಿಯಲ್ಲಿ ನಮಗೆ ಓದಲು ಪುಸ್ತಕ ಇರಲಿಲ್ಲ. ಯಮನಕ್ಕ ನಿಮ್ಮ ಪತ್ರಗಳನ್ನೇ ಪಾಠ ಮಾಡಿದಳು. ‘ನಿನ್ನ ಹಠಕ್ಕಿಷ್ಟು ಬೆಂಕಿ ಬೀಳಲಿ’ ಎಂಬ ಸಾಲನ್ನು ನಾನು ಕೂಡಿಸಿ ಕೂಡಿಸಿ ಓದಿ ಮುಗಿಸಿದ ದಿನ ಎಲ್ಲರಿಗೂ ಪುಟಾಣಿ ಸಕ್ಕರೆ ಹಂಚಿದಳು. ನಿಮ್ಮ ಬೈಗುಳದಿಂದಲೇ ನಾವು ಓದು ಕಲಿತದ್ದು. ಲಕ್ಕವ್ವ ಗಂಡನಿಗೆ ಬೈಯುವಾಗಲೂ ಈಗ ನಿಮ್ಮ ಮಾತುಗಳೇ ಬರುತ್ತವೆ. ನಿಮ್ಮ ಮುಖವನ್ನು ನಾವು ನೋಡಿಲ್ಲ, ದನಿ ಮಾತ್ರ ಗೊತ್ತು.

ಇಳಕಲ್ಲಿನ ಸೀರೆಯನ್ನೇ ಉಡಿಸಿದೆವು. ನಮ್ಮ ಓಣಿಗೆ ಮಠದ ಅಯ್ಯನವರು ಬರಲು ಅನುಮಾನ ಮಾಡಿದರು. ಕಾಯ್ದೆವು, ಬರಲಿಲ್ಲ. ಕೊನೆಗೆ ನಾವೇ ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಅವಳ ಲಿಂಗ ಇಟ್ಟು, ಕುರ್ಚಿಯಲ್ಲಿ ಕೂಡಿಸಿಕೊಂಡು ಹೊತ್ತೆವು. ಹೆಂಗಸರೇ ಹೊತ್ತೆವು. ಗಿರಣಿಯ ಮುಂದೆ ಹಾಯುವಾಗ ಗಾಡಿಯವರು ಗಾಡಿ ನಿಲ್ಲಿಸಿ ಕೆಳಗಿಳಿದರು.

ಆದಿತ್ಯವಾರ ರಾತ್ರಿ ಒಂದೇ ಮಾತು ಕೇಳಿದಳು. “ಅಕ್ಕ ಅರ್ಜಿ ಕೊಟ್ಲೇನು?” ನಾನು, “ಕೊಟ್ಟಾರ ತಗೋ” ಅಂದೆ. ಸುಳ್ಳು ಹೇಳಿದೆ. ನಿಮ್ಮನ್ನು ಕೇಳದೆ ಹೇಳಿದೆ.

ನಿಮ್ಮ,
ಸಾವಂತ್ರೆವ್ವ

*

ಯಮಕನಮರಡಿ,
ತಾ. ೨೧ ಆಗಸ್ಟ್ ೧೯೩೬

ಸಾವಂತ್ರೆವ್ವಳಿಗೆ,

ನಿನ್ನ ಪತ್ರ ಬಂತು. ಹೇಳದೆ ಮುಚ್ಚಿಟ್ಟದ್ದಕ್ಕೆ ನಿನ್ನನ್ನು ಬೈದು ಒಂದು ಹಾಳೆ ಬರೆದಿದ್ದೆ. ಹರಿದು ಹಾಕಿದೆ. ಅದನ್ನೂ ನೀವು ಪಾಠ ಮಾಡುತ್ತೀರಿ.

ಅವಳನ್ನು ಹೊತ್ತ ಭುಜ ನಿಮ್ಮದು. ನನ್ನದಲ್ಲ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ.

ಇವರ ಜ್ವರ ಇಳಿದಿದೆ. ಎದ್ದು ಅಂಗಡಿಗೆ ಹೋಗುತ್ತಾರೆ. ಇವರ ಆಯುಷ್ಯಕ್ಕೆಂದು ನಾನು ಒಂದು ಹೆಸರನ್ನು ಬರೆಯದೆ ಕೂತೆ, ಇವರು ಉಳಿದರು. ಯಾವ ಹೆಸರು ಎತ್ತದಿದ್ದರೆ ತಂಗಿ ಉಳಿಯುತ್ತಾಳೆ ಎಂದು ಅವ್ವ ನನಗೆ ಹೇಳಿಕೊಟ್ಟಿರಲಿಲ್ಲ.

ಸುದ್ದಿ ಹೇಳಿದಾಗ ಇವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು.

“ಇಷ್ಟು ಆಗೈತಿ ಅಂತ ಒಂದ ಮಾತ ಹೇಳಬೇಕಿತ್ತ ನೀ.”

“ಹೇಳಿದ್ದೆ. ಕೊಟಗಿ ತೋರಿಸಿದ್ರಿ.”

ಮೂರನೆಯ ದಿನ ನಾನೇ ಅಂದೆ, “ನಿಮ್ಮ ಹೆಸರ ಬರೀತೇನಿ.”

“ಬರದ್ರ ಗಂಡ ಸಾಯ್ತಾನ ಅಂತಾರಲ್ಲ?”

“ಬರೀಲಿಲ್ಲ. ತಂಗಿ ಸತ್ತಳು.”

ಎದ್ದು ಹೊರಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಅಂಗಡಿಯ ಶಾಯಿಯ ಕುಡಿಕೆ ಇತ್ತು. ಒಲೆಯ ಬಾಜೂಕೆ ಇಟ್ಟು ಮಲಗಿದರು.

ನೀನು ಅವಳಿಗೆ ಹೇಳಿದ ಸುಳ್ಳು ಸುಳ್ಳಾಗಿಯೇ ಉಳಿಯಬಾರದು. ನನ್ನ ಪತ್ರಗಳನ್ನು ಹಿಂದಕ್ಕೆ ಕಳಿಸಬೇಡ. ಓದಿರಿ. ಸಂಜೆಯ ಸಾಲಿ ನಿಲ್ಲಿಸಿದಿರಿ ಎಂದು ದುಂಡಪ್ಪ ಬಂದು ಹೇಳಿದರೆ, ನಾನೇ ಅಲ್ಲಿಗೆ ಬಂದು ಬೈಯುತ್ತೇನೆ. ಬಂದ ದಿನ ನಿನ್ನ ಮನೆಯಲ್ಲೇ ಇಳಿಯುತ್ತೇನೆ. ಅವಳು ಕುಡಿಯುತ್ತಿದ್ದ ಚರಿಗೆ ಯಾವುದೋ ಅದರಲ್ಲಿ ನೀರು ಕೊಡು.

ಯಮನವ್ವನ ಅಕ್ಕ,
ಕಾಶೆವ್ವ

*

ಯಮಕನಮರಡಿ,
ತಾ. ೧ ಸೆಪ್ಟೆಂಬರ್ ೧೯೩೬

ಹುಕ್ಕೇರಿ ಕಚೇರಿಯ ದೊಡ್ಡ ಸಾಹೇಬರಿಗೆ,

ಅರ್ಜಿ ಬರೆಯುವ ರೀತಿ ಬೇರೆ ಇದೆಯಂತೆ. ನಮ್ಮ ಗುಮಾಸ್ತ ತಾನು ಬರೆದುಕೊಡುತ್ತೇನೆ ಅಂದ. ಬೇಡ ಅಂದೆ. ಓದು ಬರಹ ಬಲ್ಲವಳು ಎಂದು ತೋರಿಸಲು ಇನ್ನೊಬ್ಬರ ಕೈಯಲ್ಲಿ ಬರೆಸಿದರೆ ನೀವೇ ನಗುತ್ತೀರಿ. ಹಾಳೆಗೆ ಅಕ್ಕಿಯ ಹಿಟ್ಟು ಹತ್ತಿದೆ. ಡಬ್ಬಿಯಲ್ಲಿ ಇತ್ತು, ಅದಕ್ಕೆ. ಹೆಸರು, ಊರು, ವಯಸ್ಸಿನ ಮೂರು ಸಾಲು ಜುಲೈಯಲ್ಲಿ ಬರೆದದ್ದು, ಶಾಯಿ ಮಾಸಿದೆ. ಉಳಿದದ್ದು ಇವತ್ತಿನದು. ಎರಡೂ ಒಂದೇ ಕೈ.

ಹೆಸರು: ಕಾಶೆವ್ವ.
ಊರು: ಯಮಕನಮರಡಿ.
ವಯಸ್ಸು: ಐವತ್ತೈದು.

ಗಂಡನ ಹೆಸರಿನ ಖಾನೆ ಖಾಲಿ ಬಿಟ್ಟರೆ ಅರ್ಜಿ ನಡೆಯುವುದಿಲ್ಲ ಎಂದು ಗೋಕಾಕದ ಕಚೇರಿಯವರು ನನ್ನ ತಂಗಿಗೆ ಹೇಳಿದ್ದರು. ನಮ್ಮಲ್ಲಿ ಅದನ್ನು ಹಾಗೆ ಹೇಳುವುದಿಲ್ಲ. ಮದುವೆಯ ಬಾಗಿಲಲ್ಲಿಯೂ ನಾನು ಹೇಳಿಲ್ಲ, ನನ್ನ ಬದಲು ತಂಗಿ ಹೇಳಿದ್ದಳು. ಈಗ ಹೇಳಲು ಅವಳಿಲ್ಲ.

ಹಿಟ್ಟಿನಾಗ ಬೆರಳಾಡಿಸಿ ತಂಗೀಗೆ ಅಕ್ಷರ ಕಲಿಸಿ,
ರಾಚಪ್ಪನ ಹೆಸರ ಬರದೇನಿ ಆಕೀನ ನೆನೆಸಿ.

ಒಡಪು ನಿಮ್ಮ ಖಾನೆಯಲ್ಲಿ ಹಿಡಿಯದಿದ್ದರೆ ಎರಡನೆಯ ಸಾಲಿನ ಮೊದಲನೆಯ ಮಾತನ್ನು ತೆಗೆದುಕೊಳ್ಳಿರಿ. ಉಳಿದದ್ದನ್ನು ಹೊಡೆದು ಹಾಕಬೇಡಿರಿ.

ತಂಗಿಯ ಹೆಸರು ಯಮನವ್ವ. ಅವಳ ಹೆಸರು ಗೋಕಾಕದ ಯಾದಿಯಲ್ಲಿದೆ. ಸತ್ತವರ ಹೆಸರನ್ನು ತೆಗೆಯುವುದು ನಿಮ್ಮ ಕಾಯಿದೆಯಂತೆ, ತೆಗೆಯುತ್ತೀರಿ. ಬೇಡವೆಂದು ಬೇಡಿಕೊಳ್ಳಲು ನನಗೆ ಬರುವುದಿಲ್ಲ. ಓಟಿನ ದಿನ ನನ್ನ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಅಂದಿದ್ದಳು. ನಾನೊಬ್ಬಳೇ ಹೋಗಬೇಕು. ದಾರಿ ಗೊತ್ತಿದೆ. ನನ್ನ ಹೆಸರು ಅಲ್ಲಿ ಇಲ್ಲ ಎಂದು ಹಿಂದಕ್ಕೆ ಕಳಿಸಿದರೆ ನಿಮ್ಮ ಕಚೇರಿಯ ಬಾಗಿಲಲ್ಲಿ ಬಂದು ಕೂಡುತ್ತೇನೆ. ಬಾಗಿಲಲ್ಲಿ ನಿಂತು ರೂಢಿ ಇದೆ ನನಗೆ.

ಕಾಶೆವ್ವ,
ರಾಚಪ್ಪನ ಹೆಂಡತಿ, ಯಮನವ್ವನ ಅಕ್ಕ

ತಾ. ಕ.: ಹೆಸರು ಹಾಕಿದ್ದೀರೋ ಇಲ್ಲವೋ, ಸೆಪ್ಟೆಂಬರ್ ಹದಿನೈದರೊಳಗೆ ಉತ್ತರ ಬರಬೇಕು.